ಸುಣ್ಣ ಬಳಿದ ಮುಖದ ಸೈನಿಕರು: ಮಾರ್ಲೋನ ಎಡ್ವರ್ಡ್ ಬ್ರೆಕ್ಟ್‌ನ ಕೈಗೆ ಬಂದಾಗ

ಹದಿನಾರನೆಯ ಶತಮಾನದ ಕೊನೆಯ ಹದಿನೈದು ವರ್ಷಗಳಲ್ಲಿ ಲಂಡನ್ನಿನ ರಂಗಮಂದಿರಗಳಲ್ಲಿ ಜನಪ್ರಿಯವಾದ ಒಂದು ನಾಟಕ ಪ್ರಕಾರಕ್ಕೆ ಚರಿತ್ರೆಯ ನಾಟಕ ಎಂಬ ಹೆಸರಿದೆ. ಇಂಗ್ಲೆಂಡಿನ ಹಳೆಯ ಅರಸರ ಆಳ್ವಿಕೆ, ಪಾಳೆಯಗಾರರ ದಂಗೆ, ಪಟ್ಟಾಭಿಷೇಕ, ಪದಚ್ಯುತಿ, ಕೊಲೆಗಳನ್ನು ವಸ್ತುವಾಗಿ ಮಾಡಿಕೊಂಡ ಈ ನಾಟಕಗಳಿಗೆ ಹಾಲಿನ್‌ಶೆಡ್ ಎಂಬಾತನ ಹೆಸರಿನಲ್ಲಿ 1577ರಲ್ಲಿಯೂ, ಪರಿಷ್ಕೃತವಾಗಿ 1587ರಲ್ಲಿಯೂ ಪ್ರಕಟವಾದ ಬೃಹತ್ ವೃತ್ತಾಂತ ಗ್ರಂಥವೇ ಮುಖ್ಯ ಆಕರವಾಗಿತ್ತು. ಶೇಕ್ಸ್‌ಪಿಯರ್‌ನ ಎರಡನೆಯ ರಿಚರ್ಡ್, ಮೂರನೆಯ ರಿಚರ್ಡ್, ನಾಲ್ಕನೆಯ ಹೆನ್ರಿ ಮೊದಲಾದ ನಾಟಕಗಳು ಈ ಪ್ರಕಾರದ ಹೆಸರಾಂತ ಉದಾಹರಣೆಗಳು. ಅವನ ಸಮಕಾಲೀನನಾದ ಕ್ರಿಸ್ಟೋಫರ್ ಮಾರ್ಲೋ 1592ರ ಸುಮಾರಿಗೆ ಬರೆದ ಎರಡನೆಯ ಎಡ್ವರ್ಡ್ ಅವುಗಳ ಸಾಲಿನಲ್ಲಿ ತಲೆಯೆತ್ತಿ ನಿಲ್ಲಬಲ್ಲ ಕೃತಿ. 1593ರ ಮೇ 30ರಂದು ಡೆಟ್‌ಫರ್ಡ್‌ನಲ್ಲಿ ಇರಿತಕ್ಕೆ ಸಿಕ್ಕಿ ಸತ್ತ ಮಾರ್ಲೋ ತನ್ನ ಈ ನಾಟಕ ಅಚ್ಚಾದುದನ್ನು ಕಾಣಲಿಲ್ಲ. ಅದು ಹೊರಬಂದದ್ದು 1594ರಲ್ಲಿ. ಮುನ್ನೂರ ಮೂವತ್ತು ವರ್ಷಗಳ ಬಳಿಕ, 1924ರ ಮಾರ್ಚ್ ತಿಂಗಳಲ್ಲಿ, ಜರ್ಮನಿಯ ಮ್ಯೂನಿಕ್ ನಗರದ ಕಾಮರ್‌ಶ್ಪೀಲೆ ರಂಗಮಂದಿರದಲ್ಲಿ ಇದೇ ಕಥೆ ಬೇರೊಂದು ಭಾಷೆಯಲ್ಲಿ, ಬೇರೊಂದು ಉದ್ದೇಶದಿಂದ ಮತ್ತೆ ರಂಗಕ್ಕೇರಿತು. ಅದನ್ನು ರೂಪಾಂತರಿಸಿ ನಿರ್ದೇಶಿಸಿದವನು ಆಗಿನ್ನೂ ಇಪ್ಪತ್ತಾರು ವರ್ಷದ ಬರ್ಟೋಲ್ಟ್ ಬ್ರೆಕ್ಟ್. ಮುಂದೆ ಕನ್ನಡ ರಂಗಭೂಮಿಗೂ ಆಪ್ತನಾದ ಈ ನಾಟಕಕಾರನ ಇಡೀ ರಂಗಚಿಂತನೆಯ ಮೊಳಕೆ ಈ ಪ್ರಯೋಗದಲ್ಲಿಯೇ ಕಾಣಿಸಿಕೊಂಡಿತೆಂಬ ಕಾರಣಕ್ಕಾಗಿ ಅದು ಇಂದಿಗೂ ಸೂಕ್ಷ್ಮ ಪರಿಶೀಲನೆಗೆ ಅರ್ಹವಾಗಿದೆ.

ಮಾರ್ಲೋನ ಕಥೆ ಹೀಗಿದೆ. 1307ರಲ್ಲಿ ಪಟ್ಟಕ್ಕೆ ಬಂದ ಎಡ್ವರ್ಡ್, ತನ್ನ ತಂದೆ ದೇಶಭ್ರಷ್ಟನನ್ನಾಗಿ ಮಾಡಿದ್ದ ಗ್ಯಾವೆಸ್ಟನ್ ಎಂಬ ಪ್ರಿಯ ಸಖನನ್ನು ಮರಳಿ ಕರೆಸಿಕೊಂಡು, ಅವನಿಗೆ ಪದವಿ, ಭೂಮಿ, ಬಿರುದುಗಳನ್ನು ಎರಡೂ ಕೈಗಳಿಂದ ಕೊಡುತ್ತಾನೆ. ರಾಜನಿಗೆ ಅವನ ಮೇಲಿರುವ ಪ್ರೇಮವನ್ನು ಮಾರ್ಲೋ ಮರೆಮಾಚುವುದಿಲ್ಲ; ಆದರೆ ಸಾಮಂತರನ್ನು ಕೆರಳಿಸುವುದು ಆ ಪ್ರೇಮಕ್ಕಿಂತ ಹೆಚ್ಚಾಗಿ, ಕೀಳು ಕುಲದವನೊಬ್ಬ ತಮ್ಮ ತಲೆಯ ಮೇಲೆ ಕುಳಿತನೆಂಬ ಸಂಕಟ. ಗ್ಯಾವೆಸ್ಟನ್ ಕೊಲೆಯಾಗುತ್ತಾನೆ, ಅಂತರ್ಯುದ್ಧ ಹೊತ್ತಿಕೊಳ್ಳುತ್ತದೆ, ತಿರಸ್ಕೃತಳಾದ ರಾಣಿ ಇಸಬೆಲ್ಲಾ ದಂಗೆಯ ನಾಯಕ ಮಾರ್ಟಿಮರ್‌ನ ಪಕ್ಷ ಸೇರುತ್ತಾಳೆ, 1327ರಲ್ಲಿ ಸಿಂಹಾಸನ ಕಳೆದುಕೊಂಡ ದೊರೆ ಬರ್ಕ್ಲಿ ಕೋಟೆಯ ಸೆರೆಯಲ್ಲಿ ಪ್ರಾಣ ಬಿಡುತ್ತಾನೆ. ಕೊನೆಗೆ ಅವನ ಎಳೆಯ ಮಗ ಮೂರನೆಯ ಎಡ್ವರ್ಡ್ ಮಾರ್ಟಿಮರ್‌ನಿಗೆ ಮರಣದಂಡನೆ ವಿಧಿಸಿ, ತಾಯಿಯನ್ನು ಲಂಡನ್ನಿನ ಗೋಪುರದ ಸೆರೆಗೆ ಕಳುಹಿಸುತ್ತಾನೆ. ದುರ್ಬಲನಾದ ಅರಸನ ಮೇಲೆ ಮೊದಲು ಅಸಹನೆ ಹುಟ್ಟಿಸಿ, ಅವನು ಬಿದ್ದ ಮೇಲೆ ಕರುಣೆ ಉಕ್ಕಿಸುವುದು ಮಾರ್ಲೋನ ಕಲೆಗಾರಿಕೆ.

ಮ್ಯೂನಿಕ್‌ನ ರಂಗಮಂದಿರ ಬ್ರೆಕ್ಟ್‌ನಿಂದ ನಿರೀಕ್ಷಿಸಿದ್ದು ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ನಾಟಕವನ್ನು. ಅವನು ಅದನ್ನು ಬಿಟ್ಟು, ಅಷ್ಟೇನೂ ಬಳಕೆಯಲ್ಲಿಲ್ಲದ ಮಾರ್ಲೋನನ್ನು ಆರಿಸಿಕೊಂಡ. ವಾಲ್ಟರ್ ಹೈಮೆಲ್ ಎಂಬಾತ ಮಾಡಿದ್ದ ಜರ್ಮನ್ ಅನುವಾದವನ್ನು ಮುಂದಿಟ್ಟುಕೊಂಡು, ತನಗಿಂತ ಹದಿನಾಲ್ಕು ವರ್ಷ ಹಿರಿಯನಾದ ಲೇಖಕ ಲಿಯೋನ್ ಫಾಯ್ಕ್ಟ್‌ವಾಂಗರ್‌ನ ಜೊತೆ ಕುಳಿತು ನಾಟಕವನ್ನು ಹೊಸದಾಗಿ ಬರೆದ. ಈ ಫಾಯ್ಕ್ಟ್‌ವಾಂಗರ್ ಭಾರತೀಯ ಓದುಗರು ವಿಶೇಷವಾಗಿ ಗಮನಿಸಬೇಕಾದ ವ್ಯಕ್ತಿ. ಶೂದ್ರಕನ ಮೃಚ್ಛಕಟಿಕವನ್ನು ವಸಂತಸೇನಾ ಎಂಬ ಹೆಸರಿನಲ್ಲಿ 1916ರಲ್ಲಿ ಜರ್ಮನ್ ರಂಗಭೂಮಿಗೆ ತಂದವನು ಅವನೇ. ಕಾಳಿದಾಸನ ಮಾಲವಿಕಾಗ್ನಿಮಿತ್ರವನ್ನೂ ಅವನು ರೂಪಾಂತರಿಸಿದ್ದ. ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್‌ನನ್ನು ಕುರಿತು ಒಂದು ನಾಟಕ ಬರೆದು, 1925ರಲ್ಲಿ ಬ್ರೆಕ್ಟ್‌ನ ಜೊತೆಗೂಡಿ ಅದನ್ನು ಮತ್ತೆ ತಿದ್ದಿದ. ಹೀಗೆ ಎಡ್ವರ್ಡ್ ನಾಟಕವನ್ನು ಕಟ್ಟಿದ ಇಬ್ಬರಲ್ಲಿ ಒಬ್ಬನಿಗೆ, ದೂರದ ನಾಡಿನ ಹಳೆಯ ಕೃತಿಯನ್ನು ತನ್ನ ಕಾಲದ ಪ್ರೇಕ್ಷಕರಿಗೆ ಒಗ್ಗಿಸುವ ಕೆಲಸ ಸಂಸ್ಕೃತ ನಾಟಕಗಳ ಮೂಲಕವೇ ಆಗಲೇ ಕೈಗೆ ಕೂಡಿಬಂದಿತ್ತು.

ರೂಪಾಂತರದಲ್ಲಿ ಅವರು ಮಾಡಿದ ಬದಲಾವಣೆಗಳು ಮೇಲ್ನೋಟಕ್ಕೆ ಸಣ್ಣವು. ರಾಣಿ ಇಸಬೆಲ್ಲಾ ಇಲ್ಲಿ ಆನಾ ಆಗುತ್ತಾಳೆ. ಮಾರ್ಲೋನಲ್ಲಿ ಕುಲಹೀನನೆಂದು ನಿಂದೆಗೊಳಗಾಗುವ ಗ್ಯಾವೆಸ್ಟನ್ ಇಲ್ಲಿ ನೇರವಾಗಿ ಕಸಾಯಿಯ ಮಗ. ಮಾರ್ಟಿಮರ್ ಕತ್ತಿ ಹಿಡಿದ ಸಾಮಂತನಾಗಿ ಉಳಿಯದೆ ಪುಸ್ತಕಗಳ ನಡುವೆ ಬದುಕುವ ವಿದ್ವಾಂಸನಾಗಿದ್ದು, ಮನಸ್ಸಿಲ್ಲದ ಮನಸ್ಸಿನಿಂದ ರಾಜಕೀಯಕ್ಕೆ ಇಳಿದು, ಇಳಿದ ಮೇಲೆ ತಣ್ಣಗಿನ ಲೆಕ್ಕಾಚಾರದಿಂದ ಇಡೀ ದೇಶವನ್ನು ರಕ್ತದಲ್ಲಿ ಅದ್ದುತ್ತಾನೆ. ಒಬ್ಬ ಹೆಣ್ಣಿಗಾಗಿ ಟ್ರಾಯ್ ನಗರ ಸುಟ್ಟುಹೋದ ಗ್ರೀಕ್ ಕಥೆಯನ್ನು ಅವನು ಸಭೆಯಲ್ಲಿ ವಿವರಿಸಿ, ಒಬ್ಬ ಗ್ಯಾವೆಸ್ಟನ್‌ನಿಗಾಗಿ ಯುದ್ಧ ಬೇಕೇ ಎಂಬ ಪ್ರಶ್ನೆಯನ್ನು ಎತ್ತುವ ದೃಶ್ಯ ಮಾರ್ಲೋನಲ್ಲಿ ಇಲ್ಲ. ಬೀದಿಯಲ್ಲಿ ಲಾವಣಿಯ ಹಾಳೆಗಳನ್ನು ಮಾರುವವನೊಬ್ಬ ರಾಜನ ಕುರಿತ ಹಾಡನ್ನು ಕೂಗುತ್ತ ಬರುತ್ತಾನೆ. ಅರಮನೆಯ ಒಳಗುಟ್ಟು ಸಂತೆಯ ಸರಕಾಗುವುದನ್ನು ಆ ಚಿಕ್ಕ ಪಾತ್ರವೊಂದೇ ತೋರಿಸಿಬಿಡುತ್ತದೆ. ಸೆರೆಯಲ್ಲಿರುವ ಎಡ್ವರ್ಡ್‌ನನ್ನು ಊರಿನ ಹೊಲಸು ಹರಿದು ಬೀಳುವ ಗುಂಡಿಯಲ್ಲಿ ನಿಲ್ಲಿಸಲಾಗುತ್ತದೆ. ಮೂಲದಲ್ಲಿ ಇದು ಅರಸನ ಅಧಃಪತನದ ಕೊನೆಯ ಮೆಟ್ಟಿಲು. ಬ್ರೆಕ್ಟ್‌ನಲ್ಲಿ ಮಾತ್ರ ಆ ಹೊಲಸಿನಲ್ಲಿ ನಿಂತಷ್ಟೂ ಅರಸ ಗಟ್ಟಿಯಾಗುತ್ತ ಹೋಗುತ್ತಾನೆ, ಕಿರೀಟವಿದ್ದಾಗ ಅವನಲ್ಲಿ ಇಲ್ಲದಿದ್ದ ಧೈರ್ಯ ಎಲ್ಲವನ್ನೂ ಕಳೆದುಕೊಂಡ ಮೇಲೆ ಕಾಣಿಸಿಕೊಳ್ಳುತ್ತದೆ. ಪ್ರೇಕ್ಷಕನ ಕರುಣೆಯನ್ನು ಬೇಡುವ ಅವಕಾಶವನ್ನೇ ನಾಟಕಕಾರ ಅವನಿಗೆ ಕೊಡುವುದಿಲ್ಲ, ಮತ್ತು ಇಡೀ ರೂಪಾಂತರದ ತಿರುವು ಇರುವುದು ಇಲ್ಲಿಯೇ.

ಭಾಷೆಯಲ್ಲಿಯೂ ಬ್ರೆಕ್ಟ್ ಒರಟುತನವನ್ನು ಬೇಕೆಂದೇ ತಂದ. ಮಾರ್ಲೋನ ಸರಳ ರಗಳೆಯಂತಹ ಪ್ರಾಸರಹಿತ ಛಂದಸ್ಸು ಜರ್ಮನ್ನಿನಲ್ಲಿ ನುಣುಪಾಗಿ ಹರಿಯತೊಡಗಿದಾಗ, ಆ ನುಣುಪು ಪಾತ್ರಗಳ ಒಳಗಿನ ಘರ್ಷಣೆಯನ್ನು ಮುಚ್ಚಿಹಾಕುತ್ತದೆಯೆಂದು ಅವನಿಗೆ ಅನ್ನಿಸಿತು. ಆದ್ದರಿಂದ ಲಯವನ್ನು ನಡುನಡುವೆ ಮುರಿದು, ಸಾಲುಗಳು ಎಡವುತ್ತ ಸಾಗುವಂತೆ ಬರೆದು, ಮಾತನಾಡುವವನ ಉಸಿರು ಕಟ್ಟುವುದು ಕಿವಿಗೆ ಕೇಳುವಂತೆ ಮಾಡಿದ. ಪ್ರತಿ ದೃಶ್ಯದ ಆರಂಭದಲ್ಲಿ ಇಸವಿ, ಸ್ಥಳ, ನಡೆಯಲಿರುವ ಘಟನೆ ಇವಿಷ್ಟನ್ನೂ ಮೊದಲೇ ತಿಳಿಸುವ ಶೀರ್ಷಿಕೆಗಳನ್ನು ಸೇರಿಸಿದ. ಮುಂದೇನಾಗುವುದೋ ಎಂಬ ಕುತೂಹಲ ಹೀಗೆ ಮೊದಲೇ ತೀರಿಹೋದರೆ, ನೋಡುವವನ ಗಮನ ಅದು ಹೇಗಾಯಿತು, ಯಾರ ಲಾಭಕ್ಕಾಗಿ ಆಯಿತು, ಬೇರೆ ರೀತಿ ಆಗಬಹುದಿತ್ತೇ ಎಂಬುದರ ಕಡೆಗೆ ತಿರುಗುತ್ತದೆ. ಬ್ರೆಕ್ಟ್ ಮುಂದೆ ಎಪಿಕ್ ರಂಗಭೂಮಿ ಎಂದು ಕರೆದ ಪದ್ಧತಿಯ ತಿರುಳು ಇದೇ: ಘಟನೆಯನ್ನು ಈಗ ಇಲ್ಲಿಯೇ ನಡೆಯುತ್ತಿದೆಯೆಂಬ ಭ್ರಮೆ ಹುಟ್ಟಿಸುವಂತೆ ಆಡದೆ, ನಡೆದುಹೋದ ಸಂಗತಿಯನ್ನು ನಿರೂಪಿಸಿ ತೋರಿಸುವುದು, ಮತ್ತು ಪರಿಚಿತವಾದುದನ್ನು ಅಪರಿಚಿತವೆಂಬಂತೆ ದೂರ ನಿಲ್ಲಿಸಿ ಪ್ರೇಕ್ಷಕನನ್ನು ವಿಚಾರಕ್ಕೆ ಹಚ್ಚುವುದು.

ಈ ಪದ್ಧತಿ ಸಿದ್ಧಾಂತವಾಗಿ ಹುಟ್ಟಿದ್ದಲ್ಲ, ತಾಲೀಮಿನಲ್ಲಿ ಎದುರಾದ ತೊಡಕಿನಿಂದ ಹುಟ್ಟಿದ್ದೆಂಬುದು ಅತ್ಯಂತ ಮಹತ್ವದ ಸಂಗತಿ. ನಾಟಕದ ಯುದ್ಧದ ಭಾಗ ಮುಕ್ಕಾಲು ಗಂಟೆಯಷ್ಟು ದೀರ್ಘವಾಗಬೇಕೆಂಬುದು ನಿರ್ದೇಶಕನ ಯೋಜನೆಯಾಗಿತ್ತು. ಆದರೆ ಸೈನಿಕರ ಪಾತ್ರಧಾರಿಗಳನ್ನು ರಂಗದ ಮೇಲೆ ಏನು ಮಾಡಿಸಬೇಕೆಂಬುದು ಅವನಿಗೆ ಹೊಳೆಯದೆ, ಮ್ಯೂನಿಕ್‌ನ ಹೆಸರಾಂತ ಹಾಸ್ಯನಟ ಕಾರ್ಲ್ ವಾಲೆಂಟೀನ್‌ನನ್ನು ಕೇಳಿದ. ಯುದ್ಧದ ಹೊತ್ತಿನಲ್ಲಿ ಸೈನಿಕರು ಹೇಗಿರುತ್ತಾರೆಂಬ ಪ್ರಶ್ನೆಗೆ ವಾಲೆಂಟೀನ್ ಕೊಟ್ಟ ಉತ್ತರದ ಸಾರ, ಅವರು ಹೆದರಿರುತ್ತಾರೆ, ಬಿಳಿಚಿಕೊಂಡಿರುತ್ತಾರೆ ಎಂಬುದಷ್ಟೆ. ಒಡನೆಯೇ ಸೈನಿಕರೆಲ್ಲರ ಮುಖಕ್ಕೂ ದಪ್ಪವಾಗಿ ಸುಣ್ಣದಂತಹ ಬಿಳಿಯ ಬಣ್ಣ ಬಳಿಯಲಾಯಿತು. ಶೌರ್ಯದ ಅಟ್ಟಹಾಸವಿಲ್ಲ, ಕತ್ತಿಗಳ ಖಣಖಣವಿಲ್ಲ. ಒಂದೇ ಬಣ್ಣದ, ಒಂದೇ ಭಯದ ಮುಖಗಳ ಸಾಲು ರಂಗದ ಮೇಲೆ ಯಂತ್ರದಂತೆ ಚಲಿಸಿತು. ಆ ಚಲನೆಯನ್ನು ತಾಲೀಮು ಮಾಡಿಸುವುದರಲ್ಲಿ ಲಾಟ್ವಿಯಾದ ಆಸ್ಯಾ ಲಾಟ್ಸಿಸ್ ಎಂಬ ರಂಗಕರ್ಮಿಯ ಕೈ ಇತ್ತು. ಹತ್ತು ವರ್ಷಗಳ ನಂತರ, 1934ರಲ್ಲಿ, ಡೆನ್ಮಾರ್ಕಿನಲ್ಲಿ ದೇಶಭ್ರಷ್ಟನಾಗಿದ್ದ ಬ್ರೆಕ್ಟ್ ತನ್ನ ಗೆಳೆಯನಾದ ವಿಮರ್ಶಕ ವಾಲ್ಟರ್ ಬೆನ್ಯಾಮಿನ್‌ನೊಂದಿಗೆ ಮಾತನಾಡುತ್ತ, ಎಪಿಕ್ ರಂಗಭೂಮಿಯ ಕಲ್ಪನೆ ಮೊದಲು ಹುಟ್ಟಿದ್ದು ಈ ಪ್ರಸಂಗದಿಂದಲೇ ಎಂದು ನೆನಪಿಸಿಕೊಂಡಿದ್ದಾನೆ.

ತಾಲೀಮಿನ ಇನ್ನೊಂದು ವಿವರವೂ ಇದೇ ಮನೋಧರ್ಮವನ್ನು ತೋರಿಸುತ್ತದೆ. ಗ್ಯಾವೆಸ್ಟನ್‌ನನ್ನು ನೇಣಿಗೇರಿಸುವ ದೃಶ್ಯದಲ್ಲಿ ಸೈನಿಕರ ಪಾತ್ರಧಾರಿಗಳು ಹಗ್ಗವನ್ನು ಹೇಗೋ ಒಂದು ರೀತಿಯಲ್ಲಿ ಕಟ್ಟಿ ಮುಗಿಸುತ್ತಿದ್ದರು. ಬ್ರೆಕ್ಟ್ ಅವರನ್ನು ಮತ್ತೆ ಮತ್ತೆ ನಿಲ್ಲಿಸಿ, ದಿನವೂ ಇದೇ ಕಸುಬು ಮಾಡುವವರ ಕೈಚಳಕ, ಹಗ್ಗ ಎಸೆಯುವ ಲೀಲೆ, ಕುಣಿಕೆ ಬಿಗಿಯುವ ನಿಖರತೆ ಕಾಣಿಸಬೇಕೆಂದು ಪಟ್ಟುಹಿಡಿದ. ಕ್ರೌರ್ಯವನ್ನು ಆವೇಶದಿಂದ ಆಡಿದರೆ ಪ್ರೇಕ್ಷಕ ಬೆಚ್ಚಿಬಿದ್ದು ಮರೆತುಬಿಡುತ್ತಾನೆ. ಅದನ್ನೇ ನುರಿತ ಕೆಲಸವೆಂಬಂತೆ ಸಾವಧಾನವಾಗಿ ತೋರಿಸಿದರೆ, ಕೊಲೆಯೂ ಸಂಬಳಕ್ಕೆ ನಡೆಯುವ ದುಡಿಮೆಯಾಗಿರುವ ವ್ಯವಸ್ಥೆಯ ಕಡೆಗೆ ಅವನ ಕಣ್ಣು ಹೊರಳುತ್ತದೆ. ಕಾಸ್ಪರ್ ನೇಹರ್ ರಂಗಸಜ್ಜಿಕೆ ರೂಪಿಸಿದ, ಎರ್ವಿನ್ ಫಾಬರ್ ಎಡ್ವರ್ಡ್‌ನಾಗಿಯೂ ಆಸ್ಕರ್ ಹೊಮೋಲ್ಕಾ ಮಾರ್ಟಿಮರ್ ಆಗಿಯೂ ಅಭಿನಯಿಸಿದ ಆ ಪ್ರದರ್ಶನ ನಡೆದ ದಿನಗಳ ಮ್ಯೂನಿಕ್ ಅನ್ನೂ ನೆನೆಯಬೇಕು. ಹಣದುಬ್ಬರ ಜರ್ಮನಿಯ ಜನಜೀವನವನ್ನು ನುಚ್ಚುನೂರು ಮಾಡಿ ಕೆಲವೇ ತಿಂಗಳಾಗಿತ್ತು. 1923ರ ನವೆಂಬರ್‌ನಲ್ಲಿ ಅದೇ ನಗರದಲ್ಲಿ ಬಂಡಾಯಕ್ಕೆ ಯತ್ನಿಸಿ ವಿಫಲನಾದ ಹಿಟ್ಲರ್‌ನ ವಿಚಾರಣೆ ಅಲ್ಲಿನ ನ್ಯಾಯಾಲಯದಲ್ಲಿ ಆಗ ನಡೆಯುತ್ತಿತ್ತು. ಅಧಿಕಾರ ಕೈಬದಲಾಗುವಾಗ ಸಾಮಾನ್ಯ ಸೈನಿಕನ ಮುಖ ಬಿಳಿಚಿಕೊಳ್ಳುತ್ತದೆಯೆಂಬುದು ಆ ಪ್ರೇಕ್ಷಕರಿಗೆ ಹದಿನಾಲ್ಕನೆಯ ಶತಮಾನದ ವಿಷಯವಾಗಿರಲಾರದು.

ಕರ್ನಾಟಕದ ಕರಾವಳಿಯ ಪ್ರೇಕ್ಷಕರಿಗೆ ಈ ರಂಗವಿಧಾನದ ಹಲವು ಅಂಶಗಳು ಹೊಸತಾಗಿ ತೋರುವುದಿಲ್ಲ. ಇಲ್ಲಿನ ಯಕ್ಷಗಾನ ಬಯಲಾಟ, ತಾಳಮದ್ದಳೆಗಳನ್ನು ಬಲ್ಲವರಿಗೆ, ನಡೆಯಲಿರುವುದನ್ನು ಭಾಗವತರು ಪದದಲ್ಲಿ ಮೊದಲೇ ಹಾಡಿಬಿಡುವುದು, ಅನಂತರ ವೇಷಧಾರಿ ಅದನ್ನೇ ಅರ್ಥವಾಗಿ ವಿಸ್ತರಿಸುವುದು, ಇಬ್ಬರು ಹಿಡಿದ ತೆರೆಯ ಮರೆಯಲ್ಲಿ ಬಣ್ಣದ ವೇಷ ಕಿರೀಟದ ತುದಿಯನ್ನಷ್ಟೇ ತೋರಿಸುತ್ತ ಕುಣಿಯುವುದು ಇವೆಲ್ಲ ನಿತ್ಯದ ಸಂಗತಿಗಳು. ಬ್ರೆಕ್ಟ್ ತನ್ನ ನಾಟಕಗಳಲ್ಲಿ ಬಳಸಿದ ಅರ್ಧ ಪರದೆಗೂ ಯಕ್ಷಗಾನದ ತೆರೆಗೂ ನೇರ ಸಂಬಂಧವಿಲ್ಲ. ಅವನಿಗೆ ಪೂರ್ವದೇಶಗಳ ಅಭಿನಯದ ಪ್ರತ್ಯಕ್ಷ ಅನುಭವ ದೊರೆತದ್ದು 1935ರಲ್ಲಿ ಮಾಸ್ಕೋದಲ್ಲಿ ಚೀನಾದ ಮಹಾನಟ ಮೇ ಲಾನ್‌ಫಾಂಗ್‌ನನ್ನು ಕಂಡಾಗ. ಆದರೆ ಬ್ರೆಕ್ಟ್‌ನ ಪ್ರಭಾವದ ದೊಡ್ಡ ಪ್ರಯೋಜನವೆಂದರೆ ನಮ್ಮದೇ ಪರಂಪರೆಯ ರಂಗತಂತ್ರಗಳ ಶಕ್ತಿಗೆ ಅದು ನಮ್ಮ ಕಣ್ಣು ತೆರೆಸಿದ್ದು ಎಂಬ ಅರ್ಥದ ಮಾತನ್ನು ಗಿರೀಶ ಕಾರ್ನಾಡರು ತಮ್ಮ ನಾಟಕಗಳ ಇಂಗ್ಲಿಷ್ ಸಂಪುಟದ ಪ್ರಸ್ತಾವನೆಯಲ್ಲಿ ಹೇಳಿದ್ದಾರೆ. ಯಕ್ಷಗಾನದ ಭಾಗವತನನ್ನೂ ಅರ್ಧ ತೆರೆಯನ್ನೂ ಬಳಸಿಕೊಂಡ ಅವರ ಹಯವದನ 1984ರಲ್ಲಿ ವಿಜಯಾ ಮೆಹ್ತಾ ಅವರ ನಿರ್ದೇಶನದಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಜರ್ಮನ್ ನಟರಿಂದಲೇ ಪ್ರಯೋಗಗೊಂಡಿತು.

ಆದರೂ ಈ ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಅಕ್ಕಿಹಿಟ್ಟು ಮತ್ತು ಸುಣ್ಣದ ಮಿಶ್ರಣದಿಂದ ಒಂದೊಂದೇ ಚುಕ್ಕೆಯಾಗಿ ಇಡುವ ಬಣ್ಣದ ವೇಷದ ಚುಟ್ಟಿ, ಆ ಪಾತ್ರ ಮನುಷ್ಯಲೋಕಕ್ಕೆ ಸೇರಿದ್ದಲ್ಲವೆಂದು ಸಾರಿ ಅದನ್ನು ಹಿಗ್ಗಿಸುತ್ತದೆ. ಮ್ಯೂನಿಕ್‌ನ ಸೈನಿಕರ ಮುಖದ ಬಿಳಿಪು ಪಾತ್ರವನ್ನು ಕುಗ್ಗಿಸಿ, ಹೆಸರಿಲ್ಲದ ಮನುಷ್ಯನ ಹೆದರಿಕೆಯನ್ನಷ್ಟೇ ಉಳಿಸುತ್ತದೆ. ಯಕ್ಷಗಾನದ ದೂರ ರಸಕ್ಕಾಗಿ, ಬ್ರೆಕ್ಟ್‌ನ ದೂರ ವಿಮರ್ಶೆಗಾಗಿ. ಇವೆರಡರ ನಡುವಿನ ನಿಜವಾದ ಸೇತುವೆ ವೇಷದಲ್ಲಿಲ್ಲ, ತಾಳಮದ್ದಳೆಯಲ್ಲಿದೆ. ವೇಷವಿಲ್ಲದೆ ಕುಳಿತ ಅರ್ಥಧಾರಿ ಕೌರವನ ಪಕ್ಷವನ್ನೋ ವಾಲಿಯ ಪಕ್ಷವನ್ನೋ ಹಿಡಿದು, ಕೊನೆ ಎಲ್ಲರಿಗೂ ಗೊತ್ತಿರುವ ಕಥೆಯಲ್ಲಿ ನ್ಯಾಯ ಅನ್ಯಾಯಗಳನ್ನು ಗಂಟೆಗಟ್ಟಲೆ ವಾದಿಸುವಾಗ, ಕೇಳುಗರು ಕಥೆಯ ಮುಂದಿನ ತಿರುವಿಗಾಗಿ ಕಾಯುವುದಿಲ್ಲ. ವಾದದ ಬಲವನ್ನು ತೂಗುತ್ತಾರೆ. ಮಾರ್ಟಿಮರ್‌ನ ಟ್ರಾಯ್ ಭಾಷಣಕ್ಕೆ ಇದಕ್ಕಿಂತ ತಕ್ಕ ಸಭೆ ಸಿಗುವುದು ಕಷ್ಟ.

ತಾಳಮದ್ದಳೆಯ ಈ ಕರಾವಳಿಯಲ್ಲಿ ಮಂಗಳೂರಿಗೆ ಜರ್ಮನ್ ಭಾಷಿಕರ ಪರಿಚಯವೂ ಹಳೆಯದು. 1834ರಲ್ಲಿ ಬಾಸೆಲ್ ಮಿಷನ್ನಿನ ಮೊದಲ ಮೂವರು ಇಲ್ಲಿಗೆ ಬಂದರು. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ಹೊರತಂದ. ಜೆಪ್ಪುವಿನ ನೇತ್ರಾವತಿ ದಂಡೆಯಲ್ಲಿ ಅದೇ ಮಿಷನ್ನಿನ ಪ್ಲೆಬ್ಸ್ಟ್ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ. ಕಿಟ್ಟೆಲ್‌ನ ನಿಘಂಟು 1894ರಲ್ಲಿ ಇಲ್ಲಿಯೇ ಅಚ್ಚಾಯಿತು. ಈ ಒಡನಾಟದಿಂದ ಕನ್ನಡಕ್ಕೆ ಪತ್ರಿಕೆ, ಕೋಶ, ವ್ಯಾಕರಣ, ಹಳೆಯ ಕಾವ್ಯಗಳ ಮುದ್ರಣ ಎಲ್ಲವೂ ದೊರೆತವು, ನಾಟಕವೊಂದನ್ನುಳಿದು. ಮತಪ್ರಚಾರದ ಸಂಸ್ಥೆಯಿಂದ ರಂಗಭೂಮಿಯನ್ನು ನಿರೀಕ್ಷಿಸುವುದು ಸಲ್ಲದು ನಿಜ. ಆದರೆ ಅದರ ಪರಿಣಾಮವಾಗಿ, ಬ್ರೆಕ್ಟ್ ಕನ್ನಡಕ್ಕೆ ಬರುವ ಹೊತ್ತಿಗೆ ಕರಾವಳಿಯ ಹಳೆಯ ಜರ್ಮನ್ ನಂಟು ನೆನಪಿನ ಸಂಗತಿಯಾಗಿತ್ತು. ಅವನನ್ನು ಕರೆತಂದವರು ಮಲೆನಾಡಿನ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಂತಹ ರಂಗಚಿಂತಕರು. ಮೂರು ಕಾಸಿನ ಸಂಗೀತ ನಾಟಕ, ಸೆಜುವಾನ್ ನಗರದ ಸಾಧ್ವಿ ಮೊದಲಾದವು ಅವರ ಮೂಲಕ ಕನ್ನಡದ ನಾಟಕಗಳೇ ಆದವು. ಕನ್ನಡಿಗರಿಗೆ ಬಳಕೆಯಾದದ್ದು ಹೀಗೆ ಪ್ರೌಢನಾದ ಬ್ರೆಕ್ಟ್. ತಡವರಿಸುತ್ತ ತನ್ನ ದಾರಿಯನ್ನು ಕಂಡುಕೊಂಡ ಎಡ್ವರ್ಡ್ ನಾಟಕದ ಬ್ರೆಕ್ಟ್‌ನ ಪರಿಚಯ ಅಷ್ಟಾಗಿ ಆಗಲಿಲ್ಲ.

ಇಂಗ್ಲಿಷ್ ಚರಿತ್ರೆಯ ನಾಟಕಗಳ ಕಡೆಗೂ ಕನ್ನಡದ ಒಲವು ಕಡಿಮೆಯೇ. ಎಂ.ಎಲ್. ಶ್ರೀಕಂಠೇಶಗೌಡರ ಪ್ರತಾಪರುದ್ರದೇವ ಮ್ಯಾಕ್‌ಬೆತ್‌ನ ರೂಪಾಂತರ. ಕುವೆಂಪು ಅವರ ರಕ್ತಾಕ್ಷಿ ಹ್ಯಾಮ್ಲೆಟ್‌ನ ಕಥೆಯನ್ನು ಬಿದನೂರಿನ ಅರಸರ ಚರಿತ್ರೆಯೊಳಗೆ ನೆಟ್ಟ ಕೃತಿ. ದುರಂತ ನಾಟಕಗಳನ್ನು ಹೀಗೆ ನಮ್ಮ ನೆಲಕ್ಕೆ ತರಲು ಸಾಧ್ಯವಾಯಿತು. ಹೆನ್ರಿ, ರಿಚರ್ಡ್, ಎಡ್ವರ್ಡ್‌ಗಳ ವಂಶಾವಳಿಯ ಜಗಳಗಳನ್ನು ಮಾತ್ರ ಪರಕೀಯರ ಮನೆಯ ವ್ಯಾಜ್ಯವೆಂಬಂತೆ ಬಿಟ್ಟುಬಿಡಲಾಯಿತು. ಆದರೆ 1924ರ ಮ್ಯೂನಿಕ್‌ನ ಪ್ರೇಕ್ಷಕರಿಗೂ ಅವು ಪರಕೀಯವೇ ಆಗಿದ್ದವು, ಮತ್ತು ಆ ಪರಕೀಯತೆಯನ್ನೇ ಬ್ರೆಕ್ಟ್ ಬಂಡವಾಳ ಮಾಡಿಕೊಂಡ. ಜರ್ಮನ್ ರಂಗಭೂಮಿಯಲ್ಲಿ ಆ ದಾರಿ ಮುಂದುವರಿಯುತ್ತಲೇ ಇದೆ. 1941ರಲ್ಲಿ ಬರೆದ ಆರ್ತುರೋ ಉಯಿ ನಾಟಕದಲ್ಲಿ ಬ್ರೆಕ್ಟ್ ಹಿಟ್ಲರ್‌ನನ್ನು ಗೂಂಡಾ ನಾಯಕನನ್ನಾಗಿ ಚಿತ್ರಿಸುವಾಗ, ತಾನೇ ಕೊಂದವನ ವಿಧವೆಯನ್ನು ಒಲಿಸಿಕೊಳ್ಳುವ ಮೂರನೆಯ ರಿಚರ್ಡ್‌ನ ದೃಶ್ಯವನ್ನು ಅಳವಡಿಸಿಕೊಂಡ. 2015ರ ಫೆಬ್ರವರಿಯಲ್ಲಿ ಬರ್ಲಿನ್‌ನ ಶೌಬ್ಯೂನೆ ರಂಗಮಂದಿರದಲ್ಲಿ ತೋಮಾಸ್ ಓಸ್ಟರ್‌ಮೈಯರ್ ನಿರ್ದೇಶಿಸಿದ ಮೂರನೆಯ ರಿಚರ್ಡ್‌ನಲ್ಲಿ ಲಾರ್ಸ್ ಐಡಿಂಗರ್ ಎಂಬ ನಟ, ಪಟ್ಟಿಯಿಂದ ಬಿಗಿದ ಗೂನು ಕೃತಕವೆಂದು ಎದ್ದು ಕಾಣುವಂತೆ ಧರಿಸಿ, ಮೇಲಿನಿಂದ ತೂಗುಬಿಟ್ಟ ಮೈಕಿಗೆ ಬಾಯಿಟ್ಟು ಪ್ರೇಕ್ಷಕರೊಡನೆ ಗುಟ್ಟು ಹಂಚಿಕೊಳ್ಳುತ್ತ, ಕೊಲೆಗಾರನ ಸಂಚಿಗೆ ಅವರೇ ಪಾಲುದಾರರಾಗುವಂತೆ ಮಾಡಿದ. ಬ್ರೆಕ್ಟ್ ಪ್ರೇಕ್ಷಕನನ್ನು ದೂರ ನಿಲ್ಲಿಸಿದರೆ, ಓಸ್ಟರ್‌ಮೈಯರ್ ಅವನನ್ನು ಅತಿ ಹತ್ತಿರಕ್ಕೆ ಸೆಳೆದು ಅದೇ ಇರುಸುಮುರುಸನ್ನು ಹುಟ್ಟಿಸಿದ. ಎರಡರಲ್ಲಿ ಹೆಚ್ಚು ಬಾಳಿಕೆಯದು ಮೊದಲನೆಯ ದಾರಿಯೆಂದೇ ಹೇಳಬೇಕಾಗುತ್ತದೆ, ಏಕೆಂದರೆ ಅದು ಒಬ್ಬ ಅಸಾಧಾರಣ ನಟನನ್ನು ಅವಲಂಬಿಸಿಲ್ಲ.

ಕನ್ನಡದಲ್ಲಿ ಎಡ್ವರ್ಡ್‌ನ ಪಕ್ಕದಲ್ಲಿಡಬಹುದಾದ ಕೃತಿಗಳು ಇಲ್ಲದಿಲ್ಲ. ಕಾರ್ನಾಡರ ತುಘಲಕ್ ಪ್ರಾರಂಭವಾಗುವುದು 1327ರಲ್ಲಿ, ಇಂಗ್ಲೆಂಡಿನ ದೊರೆ ಸೆರೆಯಲ್ಲಿ ಸತ್ತ ವರ್ಷದಲ್ಲಿಯೇ. ಅದಕ್ಕಿಂತ ಹತ್ತಿರದ ನೆಂಟ ಸಂಸರ ವಿಗಡ ವಿಕ್ರಮರಾಯ. ಬ್ರೆಕ್ಟ್ ಹುಟ್ಟಿದ 1898ರಲ್ಲಿಯೇ ಹುಟ್ಟಿದ ಸಂಸರು ಮೈಸೂರು ಒಡೆಯರ ಚರಿತ್ರೆಯ ಮೇಲೆ ಬರೆದ ನಾಟಕಗಳ ಪೈಕಿ ಉಳಿದಿರುವುದು ಆರು ಮಾತ್ರ. 1638ರಲ್ಲಿ ಇಮ್ಮಡಿ ರಾಜ ಒಡೆಯರಿಗೆ ವಿಷವಿಕ್ಕಿಸಿದ ದಳವಾಯಿ ವಿಕ್ರಮರಾಯ, ಮುಂದೆ ಪಟ್ಟಕ್ಕೆ ಬಂದ ರಣಧೀರ ಕಂಠೀರವನ ಕಾಲದಲ್ಲಿ ಅದಕ್ಕೆ ತಲೆತೆರುವ ಈ ಕಥೆಯಲ್ಲಿ, ದೊರೆಯನ್ನು ಕೊಲ್ಲಿಸಿದ ಮಾರ್ಟಿಮರ್, ಅವನನ್ನು ದಂಡಿಸಿದ ಎಳೆಯ ಎಡ್ವರ್ಡ್ ಇಬ್ಬರ ಪಡಿಯಚ್ಚೂ ಇದೆ. ಸಂಸರ ಸಹಾನುಭೂತಿ ಅರಸೊತ್ತಿಗೆಯ ಕಡೆಗಿದೆ, ದಳವಾಯಿಯ ಸಾವಿನಿಂದ ಧರ್ಮ ಮತ್ತೆ ನೆಲೆಗೊಂಡಿತೆಂಬ ನೆಮ್ಮದಿ ಅಲ್ಲಿದೆ. ಬ್ರೆಕ್ಟ್‌ನಲ್ಲಿ ಆ ನೆಮ್ಮದಿಯಿಲ್ಲ. ತಂದೆಯ ಕೊಲೆಗಾರನನ್ನು ನೇಣಿಗೂ ತಾಯಿಯನ್ನು ಸೆರೆಮನೆಗೂ ಒಂದೇ ಉಸಿರಿನಲ್ಲಿ ಕಳುಹಿಸುವ ಹುಡುಗ, ಆಳುವುದನ್ನು ಯಾರಿಂದ ಕಲಿತನೆಂಬುದು ಅಷ್ಟು ಹೊತ್ತಿಗೆ ಪ್ರೇಕ್ಷಕನಿಗೆ ತಿಳಿದಿರುತ್ತದೆ. ಈ ಎರಡು ನಾಟಕಗಳನ್ನು ಒಂದೇ ತಂಡ ಒಂದೇ ನಟವರ್ಗದಿಂದ, ಎಡ್ವರ್ಡ್‌ಗೆ ಜರ್ಮನ್ನಿನಿಂದ ನೇರವಾಗಿ ಮಾಡಿದ ಕನ್ನಡ ಪಠ್ಯವೊಂದನ್ನು ಇಟ್ಟುಕೊಂಡು, ಬೆನ್ನುಬೆನ್ನಿಗೆ ಎರಡು ರಾತ್ರಿ ಆಡುವ ಕೆಲಸಕ್ಕೆ ತಾಳಮದ್ದಳೆಯ ಕೇಳುಗರಿರುವ ಮಂಗಳೂರಿಗಿಂತ ಒಳ್ಳೆಯ ನಗರ ಕರ್ನಾಟಕದಲ್ಲಿ ಇನ್ನೊಂದಿಲ್ಲ.